ಹಳೆಯ ಗಾಡಿಗೆ ಹೊಸ ತಿದಿ

ಹೊಸ ಕಾರು ಬಂದು ಮನೆಯ ಮುಂದೆ ನಿಂತರೆ ನಾಲ್ಕು ಜನ ಸೇರುವುದು ಎಲ್ಲ ಊರಿನಲ್ಲಿಯೂ ಇದ್ದದ್ದೆ. ಹಳೆಯ ಕಾರು ಬಂದು ನಿಂತರೆ ನಲವತ್ತು ಜನ ಸೇರುತ್ತಾರೆಂಬುದು ನನಗೆ ತಿಳಿದದ್ದು ಕಳೆದ ಸುಗ್ಗಿಯ ಕಾಲದಲ್ಲಿ. ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ನನ್ನ ತಮ್ಮನ ಮಗ ಲಾರಿಯ ಮೇಲೆ ಹೇರಿಸಿಕೊಂಡು ಬಂದು ಅಕ್ಕಿಹೆಬ್ಬಾಳಿನ ನಮ್ಮ ಮನೆಯ ಮುಂದೆ ಇಳಿಸಿದ ಗಾಡಿ, ೧೯೫೨ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಎಂ.ಜಿ. ಟಿ.ಡಿ. ಎಂಬ ಜಾತಿಯದು. ಇಬ್ಬರೇ ಕೂರಬಹುದು. ಮೇಲೆ ತಗಡಿನ ಮಾಡಿಲ್ಲ. ಮಡಿಸಿಡುವ ಬಟ್ಟೆಯ ಹೊದಿಕೆ. ಬಾಗಿಲುಗಳು ಮೊಣಕೈ ಊರುವಷ್ಟೇ ಎತ್ತರ. ಮೂತಿಯ ಎರಡು ಕಡೆಗೂ ಬಿಡಿಬಿಡಿಯಾಗಿ ಎದ್ದುನಿಂತ ದೀಪಗಳು. ನಮ್ಮ ಬೀದಿಯ ಮುದುಕಿಯೊಬ್ಬಳು ಅದನ್ನು ಒಂದು ಸುತ್ತು ಸುತ್ತಿ ಬಂದು, "ಇದೇನಪ್ಪ, ಸಾರೋಟು ತಂದವ್ರೆ, ಕುದುರೆ ಕಟ್ಟೋದ ಮರ್ತವ್ರೆ" ಎಂದಳು. ಆ ದಿನ ಗಾಡಿಯನ್ನು ಕುರಿತು ಬಂದ ಅಭಿಪ್ರಾಯಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದೇ.

ಗಾಡಿಯ ಹಿಂದೆಯೇ ಒಂದು ಮರದ ಪೆಟ್ಟಿಗೆಯೂ ಇಳಿಯಿತು. ಅದರೊಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ, ಸಣ್ಣ ಬಿಂದಿಗೆಯ ಗಾತ್ರದ ಒಂದು ಲೋಹದ ಉರುಳೆ. ಒಂದು ತುದಿಯಲ್ಲಿ ಪುಲ್ಲಿ, ಪಕ್ಕದಲ್ಲಿ ಗಾಳಿ ಹೋಗಿಬರುವ ಬಾಯಿಗಳು. ಇದಕ್ಕೆ ಸೂಪರ್‌ಚಾರ್ಜರ್ ಎಂದು ಹೆಸರಂತೆ. ಬಲ್ಲವರ ಬಾಯಿಯಲ್ಲಿ ಬ್ಲೋಯರು. ಈ ಮಾದರಿಯವನ್ನು ಇಂಗ್ಲೆಂಡಿನ ಷಾರಕ್ ಎಂಬ ಹೆಸರಿನವರು ೧೯೫೦ರ ದಶಕದಲ್ಲಿ ಇಂಥ ಗಾಡಿಗಳಿಗಾಗಿಯೇ ಮಾರುತ್ತಿದ್ದರು. ಹುಡುಗ ಅದನ್ನು ಎಲ್ಲಿಂದಲೋ ಹುಡುಕಿ ತರಿಸಿದ್ದಾನೆ. ಗಾಡಿಗೆ ಕೊಟ್ಟ ಹಣವನ್ನು ನಗುತ್ತ ಹೇಳಿದವನು ಬ್ಲೋಯರಿಗೆ ಕೊಟ್ಟ ಹಣವನ್ನು ಮಾತ್ರ ಹೇಳಲಿಲ್ಲ.

"ದೊಡ್ಡಪ್ಪ, ಇದನ್ನ ಕೂರಿಸಿದ್ರೆ ಗಾಡಿ ಹಾರ್ತದೆ. ಆದ್ರೆ ನಮ್ಮ ಹಳೇ ಕಾರಿನ ಗೆಳೆಯರೆಲ್ಲ ಬಯ್ತಾವ್ರೆ, ಅಪ್ಪಟ ಗಾಡಿ ಕೆಡಿಸ್ತೀಯ ಅಂತ. ಬ್ಯಾಡ ಅನ್ನಿಸ್ದಾಗ ಬಿಚ್ಚಿ ಮಡಗ್ಬೋದು. ಯಾರಿಗೇನು ನಷ್ಟ, ನೀವೇ ಹೇಳಿ."

ನಾನು ಮೂವತ್ತು ವರ್ಷ ಮೇಷ್ಟರಾಗಿದ್ದವನು. ಎಂಜಿನ್ನಿನ ವಿಷಯದಲ್ಲಿ ನನ್ನ ವಿದ್ಯೆ ಆಲೆಮನೆಯ ಡೀಸೆಲ್ ಎಂಜಿನ್ನಿನಿಂದ ಮುಂದಕ್ಕೆ ಹೋದದ್ದಲ್ಲ. ಆದರೂ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಯಾರಿಗೇನು ನಷ್ಟ? ಗಾಡಿ ಅವನದು, ಹಣ ಅವನದು. ಕಬ್ಬಿಣಕ್ಕೆ ನೋವಿಲ್ಲ. ಗಾಡಿಯನ್ನು ಮಾಡಿದವರಲ್ಲಿ ಇಂದು ಬದುಕಿರುವವರು ಇದ್ದರೆ ಬೆರಳೆಣಿಕೆಯಷ್ಟು. ಹೀಗಿರುವಾಗ ಇದರಲ್ಲಿ ಸರಿ ತಪ್ಪುಗಳ ಮಾತು ಎಲ್ಲಿಂದ ಹುಟ್ಟುತ್ತದೆ?

ಮೊದಲು ಈ ಉರುಳೆ ಮಾಡುವ ಕೆಲಸವೇನೆಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಎಂಜಿನ್ನು ಉಸಿರಾಡುವ ಯಂತ್ರ. ಪಿಸ್ಟನ್ನು ಕೆಳಗಿಳಿದಾಗ ಸಿಲಿಂಡರಿನಲ್ಲಿ ತೆರವಾಗುತ್ತದೆ. ಹೊರಗಿನ ಗಾಳಿ ಪೆಟ್ರೋಲಿನ ತುಂತುರನ್ನು ಜೊತೆಗೆ ಕರೆದುಕೊಂಡು ಆ ತೆರವಿಗೆ ನುಗ್ಗುತ್ತದೆ. ಎಷ್ಟು ಗಾಳಿ ಬಂತೋ ಅಷ್ಟಕ್ಕೆ ತಕ್ಕ ಪೆಟ್ರೋಲು ಮಾತ್ರ ಉರಿಯಬಲ್ಲುದು. ಗಾಳಿಯನ್ನು ಒಳಗೆ ನೂಕುವುದು ವಾತಾವರಣದ ಭಾರ. ಕಡಲ ಮಟ್ಟದಲ್ಲಿ ಅದು ಚದರ ಅಂಗುಲಕ್ಕೆ ಸುಮಾರು ೧೪.೭ ಪೌಂಡು. ಬೆಂಗಳೂರಿನಂತಹ ಮೂರು ಸಾವಿರ ಅಡಿ ಎತ್ತರದ ಊರಿನಲ್ಲಿ ಗಾಳಿ ಹತ್ತರಲ್ಲಿ ಒಂದು ಪಾಲಿನ ಹತ್ತಿರ ತೆಳುವಾಗಿರುತ್ತದೆ. ಕಡಲ ತೀರದಲ್ಲಿ ಚುರುಕಾಗಿದ್ದ ಗಾಡಿ ಘಟ್ಟ ಹತ್ತಿದ ಮೇಲೆ ಸ್ವಲ್ಪ ಮಂಕಾಗುವುದು ಅದಕ್ಕಾಗಿಯೆ. ಇನ್ನೂ ಎತ್ತರದಲ್ಲಿ ಹಾರುವ ವಿಮಾನಗಳ ಪಾಡನ್ನು ಊಹಿಸಬಹುದು. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಗಳ ಮರ್ಲಿನ್ ಎಂಜಿನ್ನಿಗೆ ಸೂಪರ್‌ಚಾರ್ಜರ್ ಇಲ್ಲದಿದ್ದರೆ ಅವು ಮೇಲೆ ಹೋಗಿ ಕಾದಾಡುವ ಹಾಗೆಯೇ ಇರಲಿಲ್ಲ.

ಬ್ಲೋಯರು ಮಾಡುವುದು ಇಷ್ಟೆ: ವಾತಾವರಣ ತಾನಾಗಿ ಕೊಟ್ಟ ಗಾಳಿಯ ಮೇಲೆ ಇನ್ನಷ್ಟನ್ನು ಒತ್ತಿ ತುಂಬುತ್ತದೆ. ಕಮ್ಮಾರನ ಕುಲುಮೆಯ ತಿದಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಇದು ಬರಿಯ ಹೋಲಿಕೆಯ ಮಾತೂ ಅಲ್ಲ. ಈ ಜಾತಿಯ ಯಂತ್ರಗಳಲ್ಲಿ ಹೆಸರಾದ ಒಂದನ್ನು ೧೮೬೦ರ ದಶಕದಲ್ಲಿ ಅಮೆರಿಕದ ಇಂಡಿಯಾನಾ ಸೀಮೆಯ ರೂಟ್ಸ್ ಎಂಬ ಅಣ್ಣತಮ್ಮಂದಿರು ರೂಪಿಸಿದರು. ಅದು ಮೊದಲು ದುಡಿದದ್ದು ಕಬ್ಬಿಣ ಕರಗಿಸುವ ಕುಲುಮೆಗಳಲ್ಲಿ, ಗಣಿಗಳಿಗೆ ಗಾಳಿ ಊದುವುದರಲ್ಲಿ. ಕಾರಿಗೆ ಏರಿದ್ದು ಆಮೇಲೆ. ಒಂದು ವಿಶೇಷವುಂಟು. ಕುಲುಮೆಯ ತಿದಿಯನ್ನು ಒತ್ತಲು ಪಕ್ಕದಲ್ಲಿ ಒಬ್ಬ ಹುಡುಗನಿರುತ್ತಾನೆ. ಇಲ್ಲಿ ಎಂಜಿನ್ನು ತನ್ನ ತಿದಿಯನ್ನು ತಾನೇ ಒತ್ತಿಕೊಳ್ಳಬೇಕು. ಎಂಜಿನ್ನಿನ ಪುಲ್ಲಿಯಿಂದ ಬ್ಲೋಯರಿನ ಪುಲ್ಲಿಗೆ ಬೆಲ್ಟು. ಬ್ಲೋಯರಿನ ಪುಲ್ಲಿ ಎಷ್ಟು ಚಿಕ್ಕದೋ ಅದು ಅಷ್ಟು ಬಿರುಸಾಗಿ ತಿರುಗುತ್ತದೆ, ಒತ್ತಡ ಅಷ್ಟು ಏರುತ್ತದೆ. ಚದರ ಅಂಗುಲಕ್ಕೆ ಆರು ಪೌಂಡು ಹೆಚ್ಚಿಗೆ ಸಿಕ್ಕಿತೆಂದರೆ ಎಂಜಿನ್ನು ಎಂದಿಗಿಂತ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚಾದ ಉಸಿರನ್ನು ನುಂಗಿದಂತಾಯಿತು. ೧೨೫೦ ಸಿ.ಸಿ. ಗಾತ್ರದ, ೫೪ ಕುದುರೆಗಳ ಬಲದ ಈ ಪುಟ್ಟ ಎಂಜಿನ್ನಿಗೆ ಇದು ಸಾಮಾನ್ಯ ಊಟವಲ್ಲ. ಒತ್ತಿದ ಗಾಳಿ ಕಾಯುತ್ತದೆ. ಕಾದ ಮಿಶ್ರಣ ಕಾಲಕ್ಕೆ ಮೊದಲೇ ಸಿಡಿದರೆ ಪಿಸ್ಟನ್ನಿನ ನೆತ್ತಿ ತೂತಾಗುತ್ತದೆ. ಪಿಸ್ಟನ್ನನ್ನು ಹೊತ್ತ ಸಲಾಕೆ, ಸಲಾಕೆಯನ್ನು ಹೊತ್ತ ಕ್ರ್ಯಾಂಕು, ಕ್ರ್ಯಾಂಕನ್ನು ಹೊತ್ತ ಮೂರೇ ಮೂರು ಬೇರಿಂಗು—ಹೊಡೆತ ಒಂದರಿಂದ ಒಂದಕ್ಕೆ ಇಳಿಯುತ್ತ ಹೋಗುತ್ತದೆ. ಗಾಡಿಯನ್ನು ನಿಲ್ಲಿಸಬೇಕಾದ ಬ್ರೇಕುಗಳು ಮಾತ್ರ ಹಿಂದಿನವೇ, ಡ್ರಮ್ಮಿನವು.

ಹಳೆಯ ಗಾಡಿಯ ಭಕ್ತರು ಎತ್ತುವ ಆಕ್ಷೇಪ ಇದಲ್ಲ. ಅವರದು ಮಡಿಯ ಪ್ರಶ್ನೆ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಇರಬೇಕು; ಒಂದು ಮೊಳೆ ಬದಲಾದರೂ ಮೈಲಿಗೆ. ನಮ್ಮ ಕಾನೂನು ಕೂಡ ಈ ಮಡಿಯ ಕಡೆಗೇ ವಾಲಿದೆ. ಐವತ್ತು ವರ್ಷ ಮೀರಿದ ಗಾಡಿಗಳನ್ನು ವಿಂಟೇಜ್ ಎಂದು ದಾಖಲು ಮಾಡಿಕೊಳ್ಳಲು ಕೇಂದ್ರ ಸರ್ಕಾರ ೨೦೨೧ರ ಜುಲೈಯಲ್ಲಿ ನಿಯಮ ಮಾಡಿತು. ಗಾಡಿ ಮೂಲರೂಪದಲ್ಲಿರಬೇಕು, ಛಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂದು ಅದರ ಷರತ್ತು. ಹಾಗೆ ದಾಖಲಾದ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ ಒಯ್ಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ನಿಯಮ ಒಳ್ಳೆಯದೇ ಇರಬಹುದು. ಆದರೆ ಓಡುವುದಕ್ಕೆಂದು ಹುಟ್ಟಿದ್ದನ್ನು ಓಡದಂತೆ ಕಾಪಾಡಿ, ಅದಕ್ಕೆ ಮೂಲರೂಪವೆಂದು ಹೆಸರಿಡುವುದರಲ್ಲಿ ಒಂದು ತಮಾಷೆಯಿದೆ ಎಂಬುದನ್ನು ಹೇಳದೆ ಇರಲಾರೆ.

ಮಡಿಯ ಗಾಡಿಗಳು ಹೇಗಿರುತ್ತವೆಂದು ನೋಡಿಬರಲು ಒಂದು ಭಾನುವಾರ ನಾವಿಬ್ಬರೂ ಶ್ರೀರಂಗಪಟ್ಟಣದ ಕಡೆಗೆ ಹೋದೆವು. ಅಲ್ಲಿ ಹೆದ್ದಾರಿಯ ಪಕ್ಕದ ನಗುವನಹಳ್ಳಿಯ ಬಳಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ 'ಪಯಣ' ವಸ್ತುಸಂಗ್ರಹಾಲಯ ೨೦೨೩ರಲ್ಲಿ ತೆರೆದಿದೆ. ನೋಡಲು ಸೊಗಸು. ಒಂದೊಂದು ಗಾಡಿಯ ಮುಂದೆಯೂ ನಿಂತು ಹುಡುಗ ಅದರ ಕುಲಗೋತ್ರ ಹೇಳುತ್ತಿದ್ದ, ನಾನು ತಲೆದೂಗುತ್ತಿದ್ದೆ. ಅಲ್ಲಿಯೇ ಅವನು ನನಗೆ ಬೆಂಟ್ಲಿಯ ಕಥೆ ಹೇಳಿದ್ದು. ಮಡಿವಂತರಿಗೆ ಅವನ ಉತ್ತರ ಆ ಕಥೆ. ಅದು ಉತ್ತರವೋ, ಪ್ರಶ್ನೆಯ ಇನ್ನೊಂದು ಮುಖವೋ ಎಂಬುದು ನನಗೆ ಮನೆಗೆ ಬರುವವರೆಗೆ ತಿಳಿಯಲಿಲ್ಲ.

ಡಬ್ಲ್ಯು. ಓ. ಬೆಂಟ್ಲಿ ಇಂಗ್ಲೆಂಡಿನ ದೊಡ್ಡ ಕಾರು ತಯಾರಕ. ಆತನ ನಾಲ್ಕೂವರೆ ಲೀಟರಿನ ಗಾಡಿಗೆ ಇನ್ನಷ್ಟು ವೇಗ ಬೇಕೆಂದು ಹಟ ಹಿಡಿದವನು ಸರ್ ಹೆನ್ರಿ ಬರ್ಕಿನ್ ಎಂಬ ಪಂದ್ಯದ ಸವಾರ. ಬೆಂಟ್ಲಿಗೆ ಬ್ಲೋಯರು ಬೇಡ. ಅದನ್ನು ಜೋಡಿಸುವುದೆಂದರೆ ತನ್ನ ಎಂಜಿನ್ನಿನ ವಿನ್ಯಾಸವನ್ನೇ ಕೆಡಿಸಿದಂತೆ ಎಂದು ಆತನ ಎಣಿಕೆ. ಹೆಚ್ಚು ಬಲ ಬೇಕಾದರೆ ದೊಡ್ಡ ಎಂಜಿನ್ನನ್ನೇ ಕಟ್ಟಬೇಕು. ಕಟ್ಟಿಯೂ ತೋರಿಸಿದ್ದ, ಸ್ಪೀಡ್ ಸಿಕ್ಸ್ ಎಂಬ ಆರೂವರೆ ಲೀಟರಿನ ಗಾಡಿ. ಆದರೆ ಕಂಪನಿಗೆ ಹಣ ಹಾಕಿದ್ದ ವೂಲ್ಫ್ ಬಾರ್ನಾಟೋ ಬರ್ಕಿನ್ನನ ಕಡೆಗೆ ಒಲಿದ. ಡೊರೊತಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆ ಪಂದ್ಯದ ಗಾಡಿಗಳ ಖರ್ಚು ಹೊತ್ತಳು. ಏಮ್ಹರ್ಸ್ಟ್ ವಿಲಿಯರ್ಸ್ ಬ್ಲೋಯರನ್ನು ರೂಪಿಸಿದ; ಅದು ಗಾಡಿಯ ಮೂತಿಯಿಂದ ಆಚೆಗೆ, ರೇಡಿಯೇಟರಿಗೂ ಮುಂದೆ, ಪೆಟ್ಟಿಗೆಯಂತೆ ಚಾಚಿಕೊಂಡು ಕುಳಿತಿತು. ಪಂದ್ಯದ ನಿಯಮ ತುಂಬುವುದಕ್ಕಾಗಿ ಕಂಪನಿ ಅಂಥವನ್ನೇ ಐವತ್ತು ಗಾಡಿ ಮಾಡಿ ಮಾರಬೇಕಾಯಿತು. ೧೧೦ ಕುದುರೆಯ ಬಲವಿದ್ದ ಎಂಜಿನ್ನು ೧೭೫ಕ್ಕೆ ಏರಿತು, ಪಂದ್ಯದ ಗಾಡಿಗಳಲ್ಲಿ ೨೪೦ಕ್ಕೆ.

೧೯೩೦ರ ಜೂನಿನಲ್ಲಿ ಫ್ರಾನ್ಸಿನ ಲ ಮಾನ್ಸ್ ಊರಿನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯ. ಬರ್ಕಿನ್ ತನ್ನ ಬ್ಲೋಯರ್ ಬೆಂಟ್ಲಿಯಲ್ಲಿ ಜರ್ಮನಿಯ ಕಾರಾಚಿಯೋಲನ ಮರ್ಸಿಡಿಸ್ಸನ್ನು ಬೆನ್ನಟ್ಟಿದ ಬಗೆಯನ್ನು ಇಂದಿಗೂ ಜನ ಬಾಯಿ ಚಪ್ಪರಿಸಿ ಹೇಳುತ್ತಾರೆ. ಮರ್ಸಿಡಿಸ್ ರಾತ್ರಿ ಕೆಟ್ಟು ನಿಂತಿತು. ಬ್ಲೋಯರಿನ ಬೆಂಟ್ಲಿಗಳೂ ಪಂದ್ಯ ಮುಗಿಸಲಿಲ್ಲ. ಗೆದ್ದದ್ದು ಬೆಂಟ್ಲಿಯ ಸ್ಪೀಡ್ ಸಿಕ್ಸ್, ಅದನ್ನು ಓಡಿಸಿದವರಲ್ಲಿ ಒಬ್ಬ ಅದೇ ಬಾರ್ನಾಟೋ! ಎರಡನೆಯ ಸ್ಥಾನವೂ ಸ್ಪೀಡ್ ಸಿಕ್ಸಿಗೇ. ಮರು ವರ್ಷ ಬೆಂಟ್ಲಿ ಕಂಪನಿ ಮುಳುಗಿ ರೋಲ್ಸ್ ರಾಯ್ಸ್ ಪಾಲಾಯಿತು. ಜಗತ್ತಿನ ಆರ್ಥಿಕ ಮುಗ್ಗಟ್ಟಿನ ಕಾಲ ಅದು. ಬ್ಲೋಯರಿನ ಮೇಲೆಯೇ ತಪ್ಪು ಹೊರಿಸುವುದು ನ್ಯಾಯವಲ್ಲ. ಬರ್ಕಿನ್ ೧೯೩೩ರಲ್ಲಿ ತೀರಿಕೊಂಡ.

ಕಥೆ ಇಲ್ಲಿಗೆ ಮುಗಿದಿದ್ದರೆ ಮಡಿವಂತರು ಗೆದ್ದರೆನ್ನಬಹುದಿತ್ತು. ಆದರೆ ಬೆಂಟ್ಲಿ ಬೇಡವೆಂದ ಆ ಐವತ್ತು ಚಿಲ್ಲರೆ ಗಾಡಿಗಳೇ ಇಂದು ಅಪರೂಪದ ಐಶ್ವರ್ಯ. ಬರ್ಕಿನ್ನನ ಒಂಟಿ ಆಸನದ ಬ್ಲೋಯರ್ ಗಾಡಿ ೨೦೧೨ರ ಹರಾಜಿನಲ್ಲಿ ಐವತ್ತು ಲಕ್ಷ ಪೌಂಡಿನ ಸುಮಾರಿಗೆ ಹೋಯಿತು. ೨೦೧೯ರಲ್ಲಿ ಬೆಂಟ್ಲಿ ಹೆಸರಿನ ಕಂಪನಿಯೇ ಹಳೆಯ ಬ್ಲೋಯರ್ ಬೆಂಟ್ಲಿಯ ಪಡಿಯಚ್ಚಿನಂತೆ ಹನ್ನೆರಡು ಹೊಸ ಗಾಡಿಗಳನ್ನು ಕಟ್ಟುವುದಾಗಿ ಸಾರಿತು. ಈಗ ಆ ಗಾಡಿಗಳಿಂದ ಬ್ಲೋಯರನ್ನು ಬಿಚ್ಚಿ, "ತಯಾರಕನ ಮೂಲ ಸಂಕಲ್ಪಕ್ಕೆ ಮರಳಿಸಿದೆ" ಎಂದು ಯಾರಾದರೂ ಹೇಳಲಿ. ಮಡಿವಂತರೇ ದೊಣ್ಣೆ ಹಿಡಿದು ಬಂದಾರು. ಅಂದಿನ ಅಪಚಾರ ಇಂದಿನ ಮೂಲರೂಪ. ನಡುವೆ ಆದದ್ದು ತೊಂಬತ್ತು ವರ್ಷ ಕಳೆದದ್ದೊಂದೇ.

ಎಂ.ಜಿ.ಯವರ ಮಟ್ಟಿಗೆ ಹೇಳುವುದಾದರೆ ತಯಾರಕರ ಸಂಕಲ್ಪದ ವಾದ ಇನ್ನೂ ಬಡವಾಗುತ್ತದೆ. ೧೯೩೩ರಲ್ಲಿ ನುವೊಲಾರಿ ಎಂಬ ಇಟಲಿಯ ಸವಾರ ಟೂರಿಸ್ಟ್ ಟ್ರೋಫಿ ಪಂದ್ಯ ಗೆದ್ದದ್ದು ಅವರ ಕೆ-೩ ಗಾಡಿಯಲ್ಲಿ. ಅದು ಬ್ಲೋಯರನ್ನು ಹೊತ್ತೇ ಹುಟ್ಟಿದ ಗಾಡಿ. ೧೯೩೯ರಲ್ಲಿ ಗೋಲ್ಡಿ ಗಾರ್ಡ್ನರ್ ಜರ್ಮನಿಯಲ್ಲಿ ೧೧೦೦ ಸಿ.ಸಿ.ಯ ಎಂ.ಜಿ. ಎಂಜಿನ್ನಿಗೆ ಬ್ಲೋಯರಿನಿಂದ ಉಸಿರು ತುಂಬಿಸಿ ಗಂಟೆಗೆ ಇನ್ನೂರು ಮೈಲಿ ದಾಟಿದ. ಟಿ.ಡಿ. ಗಾಡಿಯ ಬಲವನ್ನು ಹಂತಹಂತವಾಗಿ ಏರಿಸುವುದು ಹೇಗೆಂದು ಕಾರ್ಖಾನೆಯವರೇ ಕೈಪಿಡಿ ಅಚ್ಚು ಹಾಕಿಸಿದ್ದರು. ಮಗುವಿಗೆ ಓಡಲು ಹೇಳಿಕೊಟ್ಟ ತಾಯಿತಂದೆಗಳೇ ಇವರು. ಆದ್ದರಿಂದ ಮಡಿಯ ವಾದವನ್ನು ನಾನು ಅಲ್ಲಿಯೇ ಪಯಣದ ಅಂಗಳದಲ್ಲಿ ಬಿಟ್ಟೆ. ಹುಡುಗ ಗೆದ್ದೆನೆಂದುಕೊಂಡು ನನಗೆ ಕಬ್ಬಿನ ಹಾಲು ಕೊಡಿಸಿದ.

ಹಿಂತಿರುಗುವಾಗ ಕನ್ನಂಬಾಡಿಯ ದಾರಿ ಹಿಡಿದೆವು. ಹೊಸ ಕನ್ನಂಬಾಡಿಯಲ್ಲಿ ನೀರಿನ ಅಂಚಿಗೆ ವೇಣುಗೋಪಾಲಸ್ವಾಮಿಯ ಗುಡಿಯಿದೆ. ಹೊಯ್ಸಳರ ಕಾಲದ ಗುಡಿ; ಕೃಷ್ಣರಾಜಸಾಗರ ಕಟ್ಟಿದಾಗ ಊರಿನೊಂದಿಗೆ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರಿನಿಂದ ತಲೆಯೆತ್ತುತ್ತಿದ್ದ ಆ ಕಲ್ಲುಗಳನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ಒಂದೊಂದಕ್ಕೂ ಸಂಖ್ಯೆ ಕೊಟ್ಟು ಬಿಚ್ಚಿ, ದಡಕ್ಕೆ ತಂದು ಮತ್ತೆ ಕಟ್ಟಿದರು. ಕಲ್ಲು ಹಳೆಯದು, ನೆಲ ಹೊಸದು. ಇದು ಅದೇ ಗುಡಿಯೋ ಬೇರೆಯದೋ ಎಂದು ಅಲ್ಲಿಗೆ ಬರುವ ಭಕ್ತರಲ್ಲಿ ಕೇಳುವವರನ್ನು ನಾನು ಕಂಡಿಲ್ಲ. ನಮ್ಮವರಿಗೆ ಜೀರ್ಣೋದ್ಧಾರವೆಂಬ ಮಾತು ಬಲು ಹಳೆಯದು. ಸವೆದದ್ದನ್ನು ತೆಗೆದು ಹೊಸದನ್ನು ಇಡುವುದರಲ್ಲಿ ಅವರಿಗೆ ಎಂದೂ ಅಂಜಿಕೆಯಿರಲಿಲ್ಲ.

ಗುಡಿಯ ಮೆಟ್ಟಿಲಿನ ಮೇಲೆ ಕುಳಿತು ನೀರು ನೋಡುತ್ತಿದ್ದಾಗ ನನಗೆ ಹೊಳೆದದ್ದು ಗುಡಿಯ ವಿಷಯವಲ್ಲ, ಕಟ್ಟೆಯ ವಿಷಯ. ಮೇಷ್ಟರಾಗಿದ್ದಾಗ ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದ ಪಾಠವೇ ಅದು. ೧೯೧೧ರಲ್ಲಿ ಕಟ್ಟೆಯ ಕೆಲಸ ಆರಂಭವಾದಾಗ ಮದರಾಸು ಸರ್ಕಾರದ ತಕರಾರಿತ್ತು. ಮೈಸೂರಿಗೆ ದೊರೆತದ್ದು ಎಂಬತ್ತು ಅಡಿ ಎತ್ತರಕ್ಕೆ ಮಾತ್ರ ಒಪ್ಪಿಗೆ. ವಿಶ್ವೇಶ್ವರಯ್ಯನವರ ಯೋಜನೆಯಲ್ಲಿದ್ದದ್ದು ನೂರಿಪ್ಪತ್ತನಾಲ್ಕು ಅಡಿ. ಅವರು ಎತ್ತರದ ಜಗಳವನ್ನು ಮುಂದಕ್ಕೆ ಬಿಟ್ಟು, ಅಡಿಪಾಯವನ್ನು ಮಾತ್ರ ನೂರಿಪ್ಪತ್ತನಾಲ್ಕು ಅಡಿಯ ಕಟ್ಟೆ ಹೊರುವಷ್ಟು ಅಗಲವಾಗಿ ಹಾಕಿಸಿದರು. ೧೯೨೪ರಲ್ಲಿ ಎರಡು ಸರ್ಕಾರಗಳಿಗೂ ಒಪ್ಪಂದವಾಯಿತು. ಆಮೇಲೆ ಕಟ್ಟೆ ಪೂರ್ತಿ ಎತ್ತರಕ್ಕೆ ಏರಿ ನಿಂತಿತು, ಇಂದಿಗೂ ನಿಂತಿದೆ. ಎಂಬತ್ತು ಅಡಿಗೆಂದು ಹಾಕಿದ ತಳದ ಮೇಲೆ ನೂರಿಪ್ಪತ್ತನಾಲ್ಕು ಅಡಿ ಏರಿಸಿದ್ದರೆ ಏನಾಗುತ್ತಿತ್ತೆಂಬುದನ್ನು ಕೆಳಗಿನ ಶ್ರೀರಂಗಪಟ್ಟಣದವರು ಯೋಚಿಸುವುದೇ ಬೇಡ.

ಹೆಚ್ಚಿಸುವುದು ತಪ್ಪಲ್ಲವೆಂಬುದನ್ನು ಕಟ್ಟೆ ಹೇಳುತ್ತದೆ. ಹೆಚ್ಚಿಸಿದ್ದು ಎಲ್ಲಿ ಕುಳಿತುಕೊಳ್ಳುತ್ತದೆ ಎಂಬುದನ್ನೂ ಅದು ಹೇಳುತ್ತದೆ. ಬ್ಲೋಯರು ಹೊಸ ಬಲವನ್ನು ತಂದುಕೊಡುವುದೆಂಬ ಮಾತು ಅರ್ಧ ಮಾತ್ರ ನಿಜ. ಉರಿಯನ್ನು ಅದು ಹೆಚ್ಚಿಸುತ್ತದೆ. ಆ ಉರಿಯನ್ನು ತಡೆದುಕೊಳ್ಳುವ ಶಕ್ತಿಯನ್ನು ತರುವುದಿಲ್ಲ. ಆ ಶಕ್ತಿ ಮೊದಲೇ ಅಲ್ಲಿರಬೇಕು, ಯಾರೋ ಹಾಕಿಟ್ಟಿರಬೇಕು. ಎಪ್ಪತ್ತು ವರ್ಷದ ಹಿಂದೆ ಇಂಗ್ಲೆಂಡಿನ ಯಾವುದೋ ನಕಾಶೆಯ ಮೇಜಿನ ಮುಂದೆ ಕುಳಿತವನೊಬ್ಬ ಕ್ರ್ಯಾಂಕನ್ನು ಲೆಕ್ಕಕ್ಕಿಂತ ಒಂದು ಕೂದಲೆಳೆ ದಪ್ಪವಾಗಿ ಬರೆದಿದ್ದಾನೆ. ಎಂದಾದರೂ ಯಾರಾದರೂ ಏರಿನಲ್ಲಿ ತುಳಿದಾರು, ಎಣ್ಣೆ ಬದಲಾಯಿಸುವುದನ್ನು ಮರೆತಾರು ಎಂದು ಅವನು ಬಿಟ್ಟ ಮೀಸಲು ಅದು. ಬ್ಲೋಯರು ಖರ್ಚು ಮಾಡುವುದು ಈ ಮೀಸಲನ್ನು. ತಾತ ಕೂಡಿಟ್ಟ ಕಣಜದಿಂದ ಭತ್ತ ಅಳೆದು, ನಾನೇ ಬೆಳೆದೆನೆಂದು ಮೊಮ್ಮಗ ಮೀಸೆ ತಿರುವುವುದನ್ನು ನಾವು ಹಳ್ಳಿಗಳಲ್ಲಿ ಕಂಡಿದ್ದೇವೆ. ಕಣಜದಲ್ಲಿ ಭತ್ತ ಇರುವವರೆಗೂ ಅವನ ಮಾತು ಸುಳ್ಳೆಂದು ತೋರಿಸುವುದು ಕಷ್ಟ.

ಕಟ್ಟೆಯ ಉದಾಹರಣೆಯಲ್ಲಿ ನನಗೆ ಒಂದು ಅಳುಕೂ ಉಂಟು. ತಳ ಭದ್ರವಾಗಿತ್ತು, ಸರಿ. ಆದರೂ ಎತ್ತರ ಏರಿದ ಹಾಗೆಲ್ಲ ಹಿನ್ನೀರು ಹಿಂದಕ್ಕೆ ಹರಡಿತು. ನಮ್ಮ ಹೇಮಾವತಿಯ ಕಣಿವೆಯವರೆಗೂ ಊರು ಹೊಲಗಳನ್ನು ತೆಗೆದುಕೊಂಡಿತು. ಮಂಡ್ಯದ ಗದ್ದೆಗಳಿಗೆ ನೀರು ಬಂದದ್ದು ಒಬ್ಬರಿಗೆ; ಮನೆ ಬಿಟ್ಟು ಹೊರಟದ್ದು ಇನ್ನೊಬ್ಬರು. ಕಲ್ಲಿನ ಲೆಕ್ಕದಲ್ಲಿ ಕಟ್ಟೆ ಹೊತ್ತಿತು. ಮನುಷ್ಯರ ಲೆಕ್ಕದಲ್ಲಿ ಹೊತ್ತವರು ಬೇರೆ. ನಾನು ಕುಳಿತಿದ್ದ ಗುಡಿಯೂ ಹಾಗೆ ಹೊತ್ತದ್ದೇ ತಾನೆ.

ಇಷ್ಟು ಹೇಳಿದ ಮೇಲೆ ನನ್ನದೇ ಒಂದು ಪುಲ್ಲಿಯ ವಿಷಯವನ್ನು ಹೇಳದೆ ಉಳಿಸಿಕೊಳ್ಳುವುದು ಸರಿಯಲ್ಲ.

ನನಗೆ ಆಗ ಇಪ್ಪತ್ತೊಂದು ವಯಸ್ಸು. ಎತ್ತಿನ ಗಾಣ ಹೋಗಿ ಡೀಸೆಲ್ ಎಂಜಿನ್ನು ಬಂದಿತ್ತು. ನಮ್ಮ ತಂದೆ ನಾಲೆಯ ಪಕ್ಕದ ತೋಟದಲ್ಲಿ ಆಲೆಮನೆ ಹಾಕಿದ್ದರು. ಎಂಜಿನ್ನಿನಿಂದ ಗಾಣಕ್ಕೆ ಉದ್ದನೆಯ ಬೆಲ್ಟು. ಗಾಣ ನಿಧಾನವಾಗಿ ತಿರುಗುತ್ತಿತ್ತು. ನನ್ನ ಕಣ್ಣಿಗೆ ತೀರ ನಿಧಾನ. ಆ ವರ್ಷ ಬೆಲ್ಲದ ಧಾರಣೆ ಏರಿತ್ತು. ಕಡಿದ ಕಬ್ಬು ಒಣಗುತ್ತ ಬಿದ್ದಿತ್ತು. ಅಪ್ಪ ನೆಂಟರ ಮದುವೆಗೆಂದು ಮೂರು ದಿನ ಊರು ಬಿಟ್ಟರು. ನಾನು ಮೈಸೂರಿಗೆ ಹೋಗಿ ಎಂಜಿನ್ನಿಗೆ ದೊಡ್ಡದೊಂದು ಪುಲ್ಲಿ ತಂದು ಹಾಕಿಸಿದೆ. ಗಾಣ ಬಿರುಸಾಯಿತು. ಎಂಜಿನ್ನು ಸ್ವಲ್ಪ ಕಪ್ಪು ಹೊಗೆ ಬಿಟ್ಟಿತು, ಅಷ್ಟೆ. ಮೊದಲ ರಾತ್ರಿ ಎಂದಿಗಿಂತ ಎರಡು ಕೊಪ್ಪರಿಗೆ ಹೆಚ್ಚಾಗಿ ಇಳಿದಾಗ ನನಗೆ ಆದ ಹಿಗ್ಗನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ. ಎಂಜಿನ್ನು ತಡೆದುಕೊಂಡಿತ್ತು, ಗಾಣದ ಉರುಳೆಗಳು ತಡೆದುಕೊಂಡಿದ್ದುವು. 'ಯಾರಿಗೇನು ನಷ್ಟ' ಎಂದು ನನ್ನನ್ನು ಕೇಳಿದ್ದರೆ ನಾನೂ ತಮ್ಮನ ಮಗ ಹೇಳಿದಂತೆಯೇ ಹೇಳುತ್ತಿದ್ದೆ.

ಗಾಣಕ್ಕೆ ಕಬ್ಬು ಕೊಡುತ್ತಿದ್ದವನು ನನಗಿಂತ ಎರಡು ವರ್ಷ ದೊಡ್ಡವನು. ಎರಡನೆಯ ರಾತ್ರಿ ಊಟಕ್ಕೆ ಎದ್ದಾಗ, "ಚಿಕ್ಕಗೌಡ್ರೆ, ಕೈಗೂ ಗಾಣಕ್ಕೂ ಹೊಂದ್ತಾ ಇಲ್ಲ" ಎಂದ. ಒಂದೆರಡು ದಿನಕ್ಕೆ ರೂಢಿಯಾಗುತ್ತದೆಂದು ನಾನು ಹೇಳಿದೆ. ಬೆಳಗಿನ ಜಾವ, ನಿದ್ದೆ ಹತ್ತುವ ಹೊತ್ತು, ಕೂಗು ಕೇಳಿಸಿತು. ಯಾರೋ ಬೆಲ್ಟನ್ನು ಒದ್ದು ಕೆಡವಿದರು. ಬಲಗೈಯ ಎರಡು ಬೆರಳು ಹೋಗಿದ್ದುವು.

ಅಪ್ಪ ಬಂದು ನನ್ನನ್ನು ಹೊಡೆಯಲಿಲ್ಲ, ಹೊಡೆದಿದ್ದರೆ ಹಗುರವಾಗುತ್ತಿತ್ತು. ತಾವೇ ಸ್ಪ್ಯಾನರು ಹಿಡಿದು ದೊಡ್ಡ ಪುಲ್ಲಿಯನ್ನು ಬಿಚ್ಚಿದರು. ಹಳೆಯದನ್ನು ಹಾಕುತ್ತ, ನನ್ನ ಕಡೆಗೆ ನೋಡದೆ, "ಗಾಣದ ಓಟ ನಾನು ಗೊತ್ತು ಮಾಡಿದ್ದು ಎಂಜಿನ್ನು ನೋಡ್ಕಂಡಲ್ಲ, ಅವನ ಕೈ ನೋಡ್ಕಂಡು" ಎಂದರು. ಆಮೇಲೆ ಅವನ ಹೆಸರಿಗೆ ಹತ್ತು ಗುಂಟೆ ಗದ್ದೆ ಬರೆದುಕೊಟ್ಟರು. ಗದ್ದೆ ಇವತ್ತಿಗೂ ಅವನದೇ, ಬೆರಳು ಬರಲಿಲ್ಲ. ನಾನು ಮೇಷ್ಟರ ಕೆಲಸ ಹುಡುಕಿಕೊಂಡು ಹೋದದ್ದಕ್ಕೆ ಆ ಸುಗ್ಗಿಯೂ ಒಂದು ಕಾರಣ.

ಬಹಳ ವರ್ಷ ನಾನು ಅದನ್ನು ಅವಸರದ ತಪ್ಪೆಂದು ತಿಳಿದಿದ್ದೆ. ಈಗ ಹಾಗೆ ತೋರುವುದಿಲ್ಲ. ಅವಸರ ಎಲ್ಲರಿಗೂ ಇರುತ್ತದೆ. ನನ್ನ ತಪ್ಪು, ಹೊರುವವನು ಯಾರೆಂದು ಎಣಿಸುವಾಗ ಯಂತ್ರವನ್ನು ಮಾತ್ರ ಎಣಿಸಿದ್ದು. ಹೆಚ್ಚಿಸುವವನೇ ಹೊರುವವನೂ ಆಗಿದ್ದರೆ ಪ್ರಪಂಚದಲ್ಲಿ ಯಾವ ಪುಲ್ಲಿಯೂ ಇಷ್ಟು ಸುಲಭವಾಗಿ ದೊಡ್ಡದಾಗುತ್ತಿರಲಿಲ್ಲ. ಬರ್ಕಿನ್ನನನ್ನು ನಾನು ಹಳಿಯಲಾರೆ. ತಾನು ಏರಿಸಿದ ವೇಗದ ಮೇಲೆ ಅವನು ತಾನೇ ಕುಳಿತ. ಐವತ್ತು ಗಾಡಿ ಮಾಡಿ ಮಾರುವ ಭಾರ ಹೊತ್ತ ಬೆಂಟ್ಲಿಯ ಮೇಲೆ ನನಗೆ ಕನಿಕರ ಹೆಚ್ಚು. ಇನ್ನು, ಗಾಡಿಗೆ ಮನಸ್ಸಿದೆ, ಅದಕ್ಕೆ ನೋವಾಗುತ್ತದೆ ಎಂದು ಹೇಳುವ ಭಕ್ತರಿದ್ದಾರಲ್ಲ, ಅವರ ಕರುಣೆ ನನಗೆ ಅರ್ಥವಾಗುವುದಿಲ್ಲ. ಅಷ್ಟು ಕರುಣೆ ಖರ್ಚಾಗದೆ ಉಳಿದಿದ್ದರೆ ರಸ್ತೆಯಲ್ಲಿ ನಡೆಯುವವರಿಗೆ ಸ್ವಲ್ಪ ಕೊಡಬಹುದಿತ್ತು.

ಇದನ್ನೆಲ್ಲ ಹುಡುಗನಿಗೆ ಹೇಳಿದ್ದು ಅಂದಿನ ರಾತ್ರಿ, ಜಗಲಿಯ ಮೇಲೆ. ಅವನಿಗೆ ಆ ಬೆರಳುಗಳ ಕಥೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಂಗಾದ್ರೆ ಬ್ಯಾಡ ಅಂತೀರಾ, ದೊಡ್ಡಪ್ಪ?"

"ಬೇಡ ಅನ್ನಲಿಲ್ಲ ಕಣೋ. ಬ್ರೇಕು ಏನು ಮಾಡ್ತೀಯ?"

"ಡಿಸ್ಕ್ ಹಾಕ್ಬೋದು."

"ಕ್ರ್ಯಾಂಕು?"

"ಬಿಚ್ಚಿ ನೋಡ್ಬೇಕು. ಬಿರುಕಿದ್ರೆ ಹೊಸದು ಮಾಡಿಸ್ಬೇಕು."

"ರಸ್ತೆ?"

ಅದಕ್ಕೆ ಅವನು ಉತ್ತರ ಹೇಳಲಿಲ್ಲ. ನಮ್ಮ ಊರಿನ ರಸ್ತೆಯನ್ನು ಬಲ್ಲವರಿಗೆ ಉತ್ತರ ಬೇಕಾಗಿಯೂ ಇಲ್ಲ. ಬೆಳಗ್ಗೆ ಹಾಲಿನ ಕ್ಯಾನು ಹೊತ್ತ ಸೈಕಲ್ಲು, ಆಮೇಲೆ ಶಾಲೆಯ ಮಕ್ಕಳು, ಸುಗ್ಗಿಯಲ್ಲಿ ಎರಡು ಕಡೆಗೂ ಗರಿ ಚಾಚಿಕೊಂಡು ಹೋಗುವ ಕಬ್ಬಿನ ಗಾಡಿಗಳು, ಸಂಜೆ ಮನೆಗೆ ತಿರುಗಿದ ಎಮ್ಮೆಗಳು. ಬ್ಲೋಯರಿನ ಭಾರದಲ್ಲಿ ಇವರ ಪಾಲೆಷ್ಟೆಂದು ಯಾವ ಕೈಪಿಡಿಯೂ ಬರೆದಿರಲಾರದು. ಪಂದ್ಯದ ಬಯಲಿಗೆ ಒಯ್ದು, ಅಲ್ಲಿ ತನ್ನ ಕುತ್ತಿಗೆಯನ್ನು ತಾನೇ ಪಣವಿಟ್ಟು ಓಡಿಸುವುದಾದರೆ ನನ್ನ ಆಕ್ಷೇಪವಿಲ್ಲವೆಂದೆ. ಅವನ ತಾಯಿ ಒಳಗಿನಿಂದಲೇ ತನ್ನ ಆಕ್ಷೇಪವಿದೆಯೆಂದು ಕೂಗಿ ಹೇಳಿದಳು. ಅದೂ ಲೆಕ್ಕಕ್ಕೆ ಸೇರಬೇಕಾದದ್ದೇ.

ಮಾರನೆಯ ದಿನ ಸಂಜೆ ಹುಡುಗ ಗಾಡಿಯನ್ನು ಹೊರಗೆ ತೆಗೆದು, ಬೀದಿಯ ಕೊನೆಯ ಮನೆಯ ಮುಂದೆ ನಿಲ್ಲಿಸಿ, ಒಳಗೆ ಹೋಗಿ ಮುದುಕನನ್ನು ಕೈಹಿಡಿದು ಕರೆತಂದ. ನಾನು ದೂರದಿಂದ ನೋಡುತ್ತಿದ್ದೆ. ಇಬ್ಬರಿಗೇ ಜಾಗ, ನನ್ನನ್ನು ಕರೆಯುವ ಹಾಗಿರಲಿಲ್ಲ, ನಾನೂ ಹೋಗುವ ಹಾಗಿರಲಿಲ್ಲ. ಅವನು ಕುಳಿತು, ಮೂರು ಬೆರಳಿನ ಕೈಯಿಂದ ಬಾಗಿಲ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಗಾಡಿ ಹೊಳೆಯ ಕಡೆಗೆ ಹೋಯಿತು. ಏರಿನಲ್ಲಿ ಗೇರು ಇಳಿಸಿದ್ದು, ಎಂಜಿನ್ನು ಏದುಸಿರು ಬಿಟ್ಟದ್ದು ಇಲ್ಲಿಯವರೆಗೆ ಕೇಳಿಸಿತು. ಕತ್ತಲಾಗುವ ಹೊತ್ತಿಗೆ ತಿರುಗಿ ಬಂದರು. "ಹೆಂಗಿತ್ತಪ್ಪ?" ಎಂದು ಯಾರೋ ಕೇಳಿದರು. "ನಿಧಾನಕ್ಕೆ ಓಡಿಸ್ದ, ಎಲ್ಲಾ ಕಾಣ್ತು" ಎಂದು ಮುದುಕ ಹೇಳಿದ.

ಮರದ ಪೆಟ್ಟಿಗೆ ನಮ್ಮ ಅಟ್ಟದ ಮೇಲಿದೆ. ಕ್ರ್ಯಾಂಕನ್ನು ಪರೀಕ್ಷೆಗೆಂದು ಬೆಂಗಳೂರಿಗೆ ಕಳಿಸಿದ್ದಾನಂತೆ. ಇನ್ನೂ ಸುದ್ದಿ ಬಂದಿಲ್ಲ.